ಟಿಕ್ ಡೇಟಾ ಹಿಡಿದಿಡುವುದು, ಕರೆಂಟು ಹೋಗುವ ಊರಿನಲ್ಲಿ ಕೂತು

ಒಂದು ನಿಮಿಷದ ಕ್ಯಾಂಡಲ್ (ಆ ನಿಮಿಷದ ಮೊದಲ, ಕೊನೆಯ, ಅತಿ ಹೆಚ್ಚು, ಅತಿ ಕಡಿಮೆ ಬೆಲೆ) ನೋಡಿ ಬರೆದ ಷೇರು ವಹಿವಾಟಿನ ಸ್ಟ್ರಾಟೆಜಿ ಲೈವ್‌ನಲ್ಲಿ ಎಡವಿದರೆ, ಯಾಕೆಂದು ಆ ಕ್ಯಾಂಡಲ್ ಹೇಳುವುದಿಲ್ಲ. ಬೆಲೆ ಮೊದಲು ಲಾಭದ ಟಾರ್ಗೆಟ್ ಮುಟ್ಟಿತೋ ನಷ್ಟ ತಡೆಯುವ ಸ್ಟಾಪ್‌ಲಾಸ್ ಮುಟ್ಟಿತೋ ತಿಳಿಯಲು ಟಿಕ್, ಅಂದರೆ ಕ್ಷಣಕ್ಷಣದ ಬೆಲೆಯ ದಾಖಲೆ, ಬೇಕು. ಅದನ್ನು ಬರುವಾಗಲೇ ಹಿಡಿದಿಟ್ಟುಕೊಂಡು, ಆಮೇಲೆ ಅದೇ ಕ್ರಮದಲ್ಲಿ ಕೋಡಿಗೆ ಮತ್ತೆ ಉಣಿಸಿ (ರೀಪ್ಲೇ) ನೋಡಬೇಕು.

ಮನೆಯ ಕಂಪ್ಯೂಟರಿಗೆ ಬರುವ ಟಿಕ್ ಎಂದರೆ ಪ್ರತಿಯೊಂದು ವಹಿವಾಟೂ ಅಲ್ಲ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ಅಸಲಿ ಟಿಕ್-ಬೈ-ಟಿಕ್ ಫೀಡ್ ಸಿಗುವುದು ಕೊಲೊಕೇಷನ್‌ನಲ್ಲಿ, ಅಂದರೆ ಎಕ್ಸ್‌ಚೇಂಜಿನ ಜಾಗದಲ್ಲೇ ಇಟ್ಟ ಸರ್ವರುಗಳಿಗೆ. ಬ್ರೋಕರಿನ ವೆಬ್‌ಸಾಕೆಟ್ (ತೆರೆದೇ ಇರುವ ನೆಟ್ ಸಂಪರ್ಕ) ಕೊಡುವುದು ಸ್ನ್ಯಾಪ್‌ಶಾಟ್, ಆ ಕ್ಷಣದ ಸ್ಥಿತಿ ಮಾತ್ರ. ನಡುವೆ ಹತ್ತು ವಹಿವಾಟು ನಡೆದರೂ ಕೊನೆಯದೊಂದೇ ಕಾಣುತ್ತದೆ. ಹಾಗಾಗಿ 'ಕೊನೆಯ ಪ್ರಮಾಣ'ವನ್ನು ಕೂಡಿಸುತ್ತ ಹೋದರೆ ವಾಲ್ಯೂಮ್ (ಕೈಬದಲಾದ ಷೇರಿನ ಲೆಕ್ಕ) ಎಂದೂ ತಾಳೆಯಾಗದು. ದಿನದ ಒಟ್ಟು ವಾಲ್ಯೂಮಿನಲ್ಲಿ ಹಿಂದಿನ ಟಿಕ್ಕಿನ ಒಟ್ಟನ್ನು ಕಳೆಯಿರಿ.

ಬಂದ ಬೈಟುಗಳನ್ನು ಬಂದ ಹಾಗೇ ಬರೆದಿಡಿ. ಬ್ರೋಕರ್ ಝೆರೋಧಾ ಪ್ರೋಗ್ರಾಮುಗಳಿಗೆಂದು ಕೊಡುವ ಕೈಟ್ ಕನೆಕ್ಟ್‌ನಲ್ಲಿ, ಎಲ್ಲ ವಿವರ ಬರುವ ಫುಲ್ ಮೋಡಿನ ಪ್ಯಾಕೆಟ್ 184 ಬೈಟ್; 5 ಹಂತದ ಡೆಪ್ತ್ (ಕೊಳ್ಳಲು, ಮಾರಲು ಕಾದಿರುವ ಆರ್ಡರುಗಳು) ಅದರಲ್ಲೇ ಇದೆ, ಷೇರಿನ ಬೆಲೆ ಪೈಸೆಯಲ್ಲಿದೆ. ಸೆಕೆಂಡಿಗೊಂದು ಎಂದು ಹಿಡಿದರೆ 9:15ರಿಂದ 3:30ರವರೆಗಿನ 22,500 ಸೆಕೆಂಡಿಗೆ ಒಂದು ಸ್ಕ್ರಿಪ್ (ಷೇರು) 4.14 ಎಂಬಿ, 50 ಸ್ಕ್ರಿಪ್ ಸುಮಾರು 207 ಎಂಬಿ. ಸಂಜೆ ಕಂಪ್ರೆಸ್ ಮಾಡಿದರಾಯಿತು. ಜೇಸನ್ ಎಂಬ ಪಠ್ಯರೂಪ ಮಾಡಿ ಬರೆದರೆ ಜಾಗವೂ ದಂಡ, ಬೈಟು ಬಿಡಿಸುವ ಪಾರ್ಸರಿನ ತಪ್ಪು ರೆಕಾರ್ಡಿನಲ್ಲೇ ಉಳಿದುಬಿಡುತ್ತದೆ.

ಪ್ರತಿ ಮೆಸೇಜಿನ ಜೊತೆ ಅದರ ಉದ್ದ, ನಮ್ಮಲ್ಲಿಗೆ ಬಂದ ಸಮಯ ನ್ಯಾನೊಸೆಕೆಂಡಿನಲ್ಲಿ, ಒಂದು ಸಿಆರ್‌ಸಿ (ಬೈಟು ಕೆಟ್ಟಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ) ಇರಲಿ. ಪ್ಯಾಕೆಟ್ಟಿನೊಳಗಿನ ಎಕ್ಸ್‌ಚೇಂಜ್ ಸಮಯ ಬರೀ ಸೆಕೆಂಡಿನ ಲೆಕ್ಕದ್ದು, ಯಾವುದು ಮೊದಲು ಎಂದು ಅದರಿಂದ ಗೊತ್ತಾಗದು. ಸಿಆರ್‌ಸಿ ಯಾಕೆಂದು ಶಿರಸಿ, ಸಿದ್ದಾಪುರದ ಕಡೆ ಆಷಾಢದ ಮಳೆಯಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ. ಕರೆಂಟು ಹೋದ ಗಳಿಗೆಯಲ್ಲಿ ಫೈಲಿನ ಬಾಲ ತುಂಡಾಗಿರುತ್ತದೆ. ಸಿಆರ್‌ಸಿ ಹೊಂದದಲ್ಲಿಂದ ಮುಂದಿನದನ್ನು ಕತ್ತರಿಸಿ ಎಸೆಯಬಹುದು. ಸೆಕೆಂಡಿಗೊಮ್ಮೆ ಎಫ್‌ಸಿಂಕ್ ಮಾಡಿದರೆ (ಬರೆದದ್ದನ್ನು ಡಿಸ್ಕಿಗೆ ಇಳಿಸಿದರೆ) ಹೋಗುವುದು ಸುಮಾರು ಒಂದು ಸೆಕೆಂಡಿನದಷ್ಟೇ. ಯುಪಿಎಸ್‌ಗೆ ಕಂಪ್ಯೂಟರ್ ಒಂದನ್ನೇ ಸಿಕ್ಕಿಸಿ ರೌಟರನ್ನೂ ಫೈಬರ್ ಡಬ್ಬಿಯನ್ನೂ ಮರೆಯುವವರೇ ಹೆಚ್ಚು.

ಕಡಿಮೆ ಕರೆಂಟು ತಿನ್ನುತ್ತದೆಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇನ್ನೊಂದು ತಾಪತ್ರಯ. ಅದರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. 11:40ಕ್ಕೆ ಎದ್ದರೂ 11:20 ಎಂದೇ ಅಂದುಕೊಂಡು ಟಿಕ್ ಬರೆಯತೊಡಗಬಹುದು. ನೆಟ್ಟಿನಿಂದ ಸಮಯ ಸಿಕ್ಕೊಡನೆ ಇಪ್ಪತ್ತು ನಿಮಿಷ ಮುಂದಕ್ಕೆ ಹಾರುತ್ತದೆ. ರೀಪ್ಲೇಯಲ್ಲಿ ಅದು ಮಾರುಕಟ್ಟೆ ನಿದ್ದೆಹೋದ ಹಾಗೆ ಕಾಣುತ್ತದೆ. ನೆಟ್ಟಿನಿಂದ ಸಮಯ ಹೊಂದಿಸುವ ಕ್ರೋನಿ ಸಿಂಕ್ ಆಗುವವರೆಗೆ ರೆಕಾರ್ಡರ್ ಶುರುವಾಗದಂತೆ ಮಾಡಿ.

ಕನೆಕ್ಷನ್ ಕಡಿದದ್ದು, ಮತ್ತೆ ಸೇರಿದ್ದು, ಲೈನ್ ಜೀವಂತವಿದೆಯೆಂದು ತಿಳಿಸುವ 1 ಬೈಟಿನ ಹಾರ್ಟ್‌ಬೀಟ್ ಎಲ್ಲವೂ ಫೈಲಿನಲ್ಲಿರಲಿ. ಇಲ್ಲದಿದ್ದರೆ ವಹಿವಾಟೇ ಇಲ್ಲದ ಆಪ್ಷನ್‌ಗೂ ಸತ್ತ ಲೈನಿಗೂ ವ್ಯತ್ಯಾಸ ತಿಳಿಯದು. ಯಾವ ಟೋಕನ್ (ಗುರುತಿನ ಸಂಖ್ಯೆ) ಯಾವ ಷೇರಿನದು, ಯಾವ ಕಾಂಟ್ರ್ಯಾಕ್ಟಿನದು ಎಂದು ಹೇಳುವ ಆ ದಿನದ ಇನ್‌ಸ್ಟ್ರುಮೆಂಟ್ ಪಟ್ಟಿಯನ್ನೂ ಪಕ್ಕದಲ್ಲೇ ಇಡಿ. ಕಾಂಟ್ರ್ಯಾಕ್ಟಿನ ಅವಧಿ ಮುಗಿದು ಎಕ್ಸ್‌ಪೈರಿ ಆದ ಮೇಲೆ ಅದೇ ಟೋಕನ್ ಬೇರೆ ಕಾಂಟ್ರ್ಯಾಕ್ಟಿಗೆ ಹೋಗಬಹುದು.

ರೀಪ್ಲೇ ಕೆಡುವುದು ಹೆಚ್ಚಾಗಿ ಗಡಿಯಾರದಿಂದಲೇ. 3:20ಕ್ಕೆ ಪೊಸಿಷನ್ (ಕೈಯಲ್ಲಿ ತೆರೆದಿರುವ ವಹಿವಾಟು) ಮುಚ್ಚುವ ಕೋಡು ಸಿಸ್ಟಮ್ ಸಮಯ ನೋಡುತ್ತಿದ್ದರೆ, ರಾತ್ರಿ ಒಂಬತ್ತಕ್ಕೆ ಓಡಿಸಿದ ರೀಪ್ಲೇಯಲ್ಲಿ ಮೊದಲ ಟಿಕ್ಕಿಗೇ ಎಲ್ಲ ಮುಚ್ಚಿ ಕೂರುತ್ತದೆ. ಸಮಯ ಕೇಳುವ ಪ್ರತಿ ಜಾಗವೂ ಒಂದೇ ಫಂಕ್ಷನ್ನನ್ನು ಕರೆಯಲಿ. ರೀಪ್ಲೇಯಲ್ಲಿ ಅದು ಟಿಕ್ ಬಂದ ಸಮಯವನ್ನು ಕೊಡಲಿ. ಟೈಮ್‌ಔಟ್‌ಗಳೂ ಅದನ್ನೇ ನಂಬಬೇಕು, ಇಲ್ಲವಾದರೆ 10 ಪಟ್ಟು ವೇಗದಲ್ಲಿ ಅವೆಲ್ಲ ತಪ್ಪುತ್ತವೆ. ಎರಡು ಟಿಕ್ಕಿನ ಅಂತರದಷ್ಟು ಸ್ಲೀಪ್ ಮಾಡುತ್ತ ಹೋಗಬೇಡಿ, ತಡ ಕೂಡುತ್ತ ಹೋಗುತ್ತದೆ. ಶುರುವಾದ ಹೊತ್ತಿನಿಂದ ಎಣಿಸಿ, ಈ ಟಿಕ್ ಯಾವಾಗ ಹೋಗಬೇಕೋ ಅಲ್ಲಿಯವರೆಗೆ ಮಾತ್ರ ಕಾಯಿರಿ.

ರೀಪ್ಲೇಯಲ್ಲಿ ಲಿಮಿಟ್ ಆರ್ಡರಿನ (ಬೆಲೆ ಗೊತ್ತುಮಾಡಿ ಇಟ್ಟ ಆರ್ಡರಿನ) ಬೆಲೆಯನ್ನು ಮಾರುಕಟ್ಟೆ ಮುಟ್ಟಿದ ಕೂಡಲೇ ಫಿಲ್ ಆಯಿತು, ಅಂದರೆ ಆರ್ಡರ್ ನೆರವೇರಿತು, ಎಂದು ಬರೆದುಕೊಳ್ಳಬೇಡಿ. ಸಾಲಿನಲ್ಲಿ ನಮ್ಮ ಮುಂದೆ ಎಷ್ಟಿತ್ತೆಂದು ಸ್ನ್ಯಾಪ್‌ಶಾಟ್ ಹೇಳುವುದಿಲ್ಲ. 100 ರೂಪಾಯಿಗೆ ಕೊಳ್ಳುವ ಆರ್ಡರಿದ್ದು ಟಿಕ್ ಸೈಜ್ (ಬೆಲೆ ಬದಲಾಗುವ ಕನಿಷ್ಠ ಹೆಜ್ಜೆ) 5 ಪೈಸೆಯಾದರೆ, 99.95ಕ್ಕೆ ವಹಿವಾಟು ನಡೆದ ಮೇಲೆ ಮಾತ್ರ ಫಿಲ್ ಎನ್ನಿ.