ಡ್ಯೂಬೆರಿ ಗುರುತಿಸಬೇಕಾದರೆ ಬಳ್ಳಿ ಮುಟ್ಟಿ ನೋಡಿ

ನಮ್ಮ ನ್ಯೂಜೆರ್ಸಿಯಲ್ಲಿ ಜುಲೈ ಬಂತೆಂದರೆ ಕಾಡುಹಣ್ಣಿನ ಕಾಲ. ಬ್ಲ್ಯಾಕ್‌ಬೆರಿ ಪೊದೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರದ್ದೇ ಕುಲದ, ನೆಲಕ್ಕೆ ಅಂಟಿಕೊಂಡು ಹರಿಯುವ ಡ್ಯೂಬೆರಿಯನ್ನು ಮಾತ್ರ ಸುಮ್ನೆ ತುಳಿದುಕೊಂಡು ಹೋಗುತ್ತಾರೆ. ಈ ಕಡೆ ಸಾಮಾನ್ಯವಾಗಿ ಕಾಣುವುದು ಎರಡು, ಎರಡೂ ಇದೇ ನೆಲದವು. ಒಂದು ನಾರ್ದರ್ನ್ ಡ್ಯೂಬೆರಿ, ಅಂದರೆ ರೂಬಸ್ ಫ್ಲಾಜೆಲ್ಲಾರಿಸ್. ಇನ್ನೊಂದು ಸ್ವಾಂಪ್ ಡ್ಯೂಬೆರಿ, ರೂಬಸ್ ಹಿಸ್ಪಿಡಸ್.

ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಗೆಳೆಯನ ಮನೆಗೆ ಹೋಗಿದ್ದೆ. ಅವನ ಮನೆ ಹಿಂದೆ ಬೀಳು ಬಿದ್ದ ಹೊಲವಿದೆ, ಮೇಲೆ ಒಣ ಮರಳು ಮಣ್ಣು, ಕೆಳಗಿಳಿದರೆ ಮೇಪಲ್ ಮರಗಳ ನೆರಳಿನಲ್ಲಿ ನೀರು ಜಿನುಗುವ ತಗ್ಗು. ಇಲ್ಲಿ ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿಕೊಂಡೇ ಇಳಿಯಬೇಕು. ಲೈಮ್ ಕಾಯಿಲೆ ಹರಡುವ ಉಣ್ಣೆಹುಳ ಜಾಸ್ತಿ.

ಮೇಲಿನ ಬಿಸಿಲು ಜಾಗದಲ್ಲಿ ನಾರ್ದರ್ನ್ ಆಗಲೇ ಕಪ್ಪಾಗಿತ್ತು. ದಪ್ಪ ಹಣ್ಣು, ಒಳ್ಳೇ ಸಿಹಿ. ಎಲೆ ತೆಳು, ಹೊಳಪಿಲ್ಲ, ಹೊಸ ಬಳ್ಳಿಯಲ್ಲಿ ಮೂರು ಅಥವಾ ಐದು ಎಲೆಗಳ ಗೊಂಚಲು. ಮುಳ್ಳು ಗಟ್ಟಿ, ಬುಡ ಅಗಲ, ತುದಿ ಕೊಕ್ಕೆಯ ಹಾಗೆ ಬಾಗಿರುತ್ತದೆ, ತೋಳಿಗೆ ಸಿಕ್ಕಿಕೊಂಡರೆ ಬಟ್ಟೆ ಹರಿಯದೆ ಬಿಡಿಸಿಕೊಳ್ಳುವುದು ಕಷ್ಟ.

ತಗ್ಗಿನಲ್ಲಿ ಬೇರೆಯೇ ಕಥೆ. ಎಲೆ ಮೂರು ಮೂರು, ಸ್ವಲ್ಪ ದಪ್ಪ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಮಗಳು ಕೈ ಚಾಚಿದಳು.

"ಮುಟ್ಟಬೇಡ ಪುಟ್ಟಿ, ಮೊದಲು ಅಂಚು ನೋಡು."

ಯಾಕೆಂದರೆ ಪಾಯ್ಸನ್ ಐವಿ ಅನ್ನುವ ವಿಷದ ಬಳ್ಳಿಗೂ ಮೂರೇ ಎಲೆ, ಅದೂ ಹೊಳೆಯುತ್ತದೆ, ಅದೂ ಇಂಥದ್ದೇ ಜಾಗದಲ್ಲಿ ಬೆಳೆಯುತ್ತದೆ. ಮುಟ್ಟಿದರೆ ದಿನಗಟ್ಟಲೆ ತುರಿಕೆ, ಗುಳ್ಳೆ. ಡ್ಯೂಬೆರಿ ಎಲೆಗೆ ಸುತ್ತಲೂ ಸಣ್ಣ ಗರಗಸದ ಹಲ್ಲು. ಪಾಯ್ಸನ್ ಐವಿಯ ಅಂಚು ನುಣ್ಣಗಿರುತ್ತದೆ, ಇಲ್ಲವೇ ಅಲ್ಲೊಂದು ಇಲ್ಲೊಂದು ಒರಟು ಹಲ್ಲು ಇರುತ್ತದೆ. ಮಕ್ಕಳಿಗೆ ಹಣ್ಣು ತೋರಿಸುವ ಮೊದಲು ಇದನ್ನೇ ಹೇಳಿಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹಲ್ಲು ನೋಡಿ ಖಾತ್ರಿಯಾದ ಮೇಲೆ ಅವಳು ಬಳ್ಳಿ ಸವರಿದಳು. "ಅಪ್ಪಾ, ಇದಕ್ಕೆ ಮುಳ್ಳೇ ಇಲ್ಲ! ಬರೀ ಒರಟು ಕೂದಲು!"

ಅದೇ ಸ್ವಾಂಪ್ ಡ್ಯೂಬೆರಿಯ ಗುರುತು. ಕೊಕ್ಕೆ ಮುಳ್ಳಿಲ್ಲ, ತೆಳ್ಳಗಿನ ಬಿರುಗೂದಲು. ಮುಳ್ಳುಗಳೇ ಎಷ್ಟೋ ಸಲ ಎಲೆಗಿಂತ ನಂಬಿಕಸ್ಥ. ಜೊತೆಗೆ ಸ್ವಾಂಪ್‌ನಲ್ಲಿ ಇನ್ನೂ ಪುಟ್ಟ ಬಿಳಿ ಹೂವಿತ್ತು, ಹಸಿರು ಕಾಯಿತ್ತು. ಅದು ಮಾಗುವುದು ತಡ, ಮಾಗಿದರೂ ಹಣ್ಣು ಚಿಕ್ಕದು, ಹುಳಿ.

ಎಲ್ಲ ಕಡೆ ಇಷ್ಟು ಸಲೀಸಾಗಿ ಬೇರ್ಪಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ರೂಬಸ್ ಕುಲದಲ್ಲಿ ಪ್ರಭೇದಗಳು ಒಂದಕ್ಕೊಂದು ಬೆರೆಯುತ್ತವೆ, ಕೆಲವು ಪರಾಗದ ಬೆರಕೆಯಿಲ್ಲದೆಯೇ ಬೀಜ ಕಟ್ಟಿ ತಾಯಿಯ ತದ್ರೂಪವಾಗಿ ಹುಟ್ಟುತ್ತವೆ, ಹಾಗಾಗಿ ಸಣ್ಣ ಸಣ್ಣ ವ್ಯತ್ಯಾಸಗಳು ಹಾಗೇ ಉಳಿದುಬಿಡುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಲಿಬರ್ಟಿ ಹೈಡ್ ಬೈಲಿ ಈ ಕುಲಕ್ಕೆ ನೂರಾರು ಹೊಸ ಪ್ರಭೇದಗಳ ಹೆಸರಿಟ್ಟರು, ಅವುಗಳಲ್ಲಿ ಎಷ್ಟನ್ನೋ ಆಮೇಲಿನವರು ಒಂದಕ್ಕೊಂದು ಸೇರಿಸಿದರು. ಆದ್ದರಿಂದ ಮುಳ್ಳು, ಎಲೆ, ಹೂವಿನ ಗಾತ್ರ, ಜಾಗ, ಎಲ್ಲವನ್ನೂ ಒಟ್ಟಿಗೆ ನೋಡುವುದು ಒಳ್ಳೆಯದು.

ಇನ್ನೊಂದು ಪರೀಕ್ಷೆ ಚಳಿಗಾಲಕ್ಕೆ ಬಾಕಿ ಇದೆ. ನಾರ್ದರ್ನ್ ಎಲೆ ಉದುರಿಸುತ್ತದೆ. ಸ್ವಾಂಪ್‌ನ ಎಲೆ ಕೆಂಪು ಕಂದು ಬಣ್ಣಕ್ಕೆ ತಿರುಗಿ ಬಳ್ಳಿಯಲ್ಲೇ ಉಳಿಯುತ್ತದೆ. ಡಿಸೆಂಬರಿನಲ್ಲಿ ಬರುತ್ತೇವೆಂದು ಗೆಳೆಯನಿಗೆ ಹೇಳಿಟ್ಟಿದ್ದೇನೆ.