63 ರೂಪಾಯಿಯ ಲೆಕ್ಕ

‘ಹಳ್ಳಿ ಸೊಸೈಟಿಯಲ್ಲಿ ಲೆಕ್ಕ ಬರೆದದ್ದನ್ನು ತೆಗೆದುಬಿಡಿ, ಅದರಿಂದ ನಿಮ್ಮ ಬೆಲೆ ಕಡಿಮೆಯಾಗುತ್ತದೆ.’ ಐರ್ಲೆಂಡಿನ ಡಬ್ಲಿನ್‌ಗೆ ಹೊರಡುವ ಮೊದಲು ಬೆಂಗಳೂರಿನ ಸಲಹೆಗಾರರೊಬ್ಬರು ನನ್ನ ರೆಸ್ಯೂಮೆ ನೋಡಿ ಹೀಗೆ ಹೇಳಿದ್ದರು. ನಾನು ನಂಬಿದೆ. ಆ ಒಂದು ಸಾಲು ಇಲ್ಲದ ರೆಸ್ಯೂಮೆಯನ್ನು ಐದು ತಿಂಗಳು ಕಳುಹಿಸುತ್ತಲೇ ಇದ್ದೆ.

ನನ್ನ ಊರು ಶಿರಸಿಯ ಹತ್ತಿರ. ಅಪ್ಪ ಸೇವಾ ಸಹಕಾರಿ ಸಂಘವೊಂದರ ಕಾರ್ಯದರ್ಶಿಯಾಗಿದ್ದರು. ಬಿ.ಕಾಂ. ಓದುತ್ತಿದ್ದ ಮೂರು ವರ್ಷವೂ ಮಾರ್ಚ್ ತಿಂಗಳಲ್ಲಿ ನಾನು ಅವರ ಪಕ್ಕದಲ್ಲಿ ಕುಳಿತು ಕಿರ್ದಿ, ಅಂದರೆ ದಿನದಿನದ ಜಮಾ-ಖರ್ಚಿನ ಪುಸ್ತಕ, ಮತ್ತು ಖಾತೆಗಳನ್ನು ತಾಳೆ ನೋಡುತ್ತಿದ್ದೆ. 2021ರ ಸೆಪ್ಟೆಂಬರ್‌ನಲ್ಲಿ ಡಬ್ಲಿನ್‌ಗೆ ಬಂದು ಒಂದು ವರ್ಷದ ಎಂಎಸ್ಸಿ ಫೈನಾನ್ಸ್ ಸೇರಿದೆ. ಶಿರಸಿಯ ಮನೆಯ ಮೂಲ ಪತ್ರಗಳು ಬ್ಯಾಂಕಿನಲ್ಲಿ ಅಡವು ಬಿದ್ದವು. ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡಿರೈವೇಟಿವ್ಸ್, ಪೋರ್ಟ್‌ಫೋಲಿಯೊ ಸಿದ್ಧಾಂತ, ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆ, ಸಂಜೆ ದಿನಸಿ ಅಂಗಡಿಯಲ್ಲಿ ಕೆಲಸ. ವಿದ್ಯಾರ್ಥಿ ವೀಸಾದಲ್ಲಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಆಗಸ್ಟ್‌ನಲ್ಲಿ ಪ್ರಬಂಧ ಒಪ್ಪಿಸಿದೆ, ನವೆಂಬರ್‌ನಲ್ಲಿ ಫಲಿತಾಂಶ ಬಂತು.

ಕೆಲಸದ ಅರ್ಜಿಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತಿತ್ತು: ನಿಮಗೆ ಉದ್ಯೋಗ ಪರವಾನಗಿಯ ಪ್ರಾಯೋಜಕತ್ವ ಬೇಕೆ? ‘ಹೌದು’ ಎಂದರೆ ಮರುದಿನವೇ ನಿರಾಕರಣೆಯ ಇಮೇಲ್. ‘ಇಲ್ಲ’ ಎನ್ನಲು ಮನಸ್ಸು ಒಪ್ಪುತ್ತಿರಲಿಲ್ಲ, ಮುಂದೆ ಬೇಕಾಗುವುದು ನಿಜವೇ ತಾನೆ. ಇಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದವರಿಗೆ ಸ್ಟ್ಯಾಂಪ್ 1ಜಿ ಎಂಬ ಅನುಮತಿ ಸಿಗುತ್ತದೆ. ಮೊದಲು ಒಂದು ವರ್ಷ, ನವೀಕರಿಸಿದರೆ ಇನ್ನೊಂದು ವರ್ಷ. ಆ ಅವಧಿಯಲ್ಲಿ ಯಾವ ಪರವಾನಗಿಯೂ ಇಲ್ಲದೆ ಪೂರ್ಣಾವಧಿ ಕೆಲಸ ಮಾಡಬಹುದು. ಸಂದರ್ಶನ ಮಾಡುವ ಅನೇಕರಿಗೆ ಇದು ಗೊತ್ತೇ ಇರುವುದಿಲ್ಲ ಎಂಬುದು ನನಗೆ ಅರ್ಥವಾಗುವ ಹೊತ್ತಿಗೆ ಡಿಸೆಂಬರ್ ಬಂದಿತ್ತು. ಮಧ್ಯಾಹ್ನ ನಾಲ್ಕು ದಾಟುತ್ತಲೇ ಕತ್ತಲೆ. ಒಂದು ಕೋಣೆಯಲ್ಲಿ ಇಬ್ಬರು, ನನ್ನ ಪಾಲಿನ ಬಾಡಿಗೆ 550 ಯೂರೋ. ಅಪ್ಪ ಫೋನ್ ಮಾಡಿದಾಗ ‘ಇನ್ನೆರಡು ಕಡೆ ಮಾತು ನಡೆದಿದೆ’ ಎನ್ನುತ್ತಿದ್ದೆ. ಅದು ನಿಜವಾಗಿರಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕ್ರಿಸ್ಮಸ್ ರಜೆಯಲ್ಲಿ ರೆಸ್ಯೂಮೆಯನ್ನು ಮೊದಲಿನಿಂದ ಬರೆದೆ. ತಲೆಬರಹದ ಕೆಳಗೇ ಸ್ಟ್ಯಾಂಪ್ 1ಜಿ ಯಾವಾಗಿನಿಂದ ಯಾವಾಗಿನವರೆಗೆ, ಅಲ್ಲಿಯವರೆಗೆ ಕಂಪನಿ ಏನೂ ಮಾಡಬೇಕಿಲ್ಲ ಎಂಬ ಎರಡು ಸಾಲು. ಅದರ ಕೆಳಗೆ, ಪದವಿಗಿಂತಲೂ ಮೊದಲು, ಸಹಕಾರಿ ಸಂಘದ ಕೆಲಸ: ಮೂರು ವರ್ಷಾಂತ್ಯ, ನಗದು ಮತ್ತು ಠೇವಣಿ ಖಾತೆಗಳ ತಾಳೆ.

ಫೆಬ್ರವರಿಯಲ್ಲಿ ಒಂದು ಫಂಡ್ ಆಡಳಿತ ಸಂಸ್ಥೆಯಿಂದ ಕರೆ ಬಂತು. ಡಬ್ಲಿನ್‌ನ ಹಳೆಯ ಹಡಗುಕಟ್ಟೆಯಲ್ಲಿ, ಲಿಫಿ ನದಿಯ ದಂಡೆಯ ಮೇಲೆ 1987ರಲ್ಲಿ ಆರಂಭವಾದ ಹಣಕಾಸು ಕೇಂದ್ರವಿದೆ. ಎಲ್ಲರೂ ಅದನ್ನು ಐಎಫ್‌ಎಸ್‌ಸಿ ಎಂದೇ ಕರೆಯುತ್ತಾರೆ. ಜಗತ್ತಿನ ಎಲ್ಲೆಲ್ಲಿಯದೋ ಹೂಡಿಕೆದಾರರ ನಿಧಿಗಳ ಲೆಕ್ಕವನ್ನು ಅಲ್ಲಿ ಇಡುತ್ತಾರೆ. ನಿಧಿಯ ಎನ್‌ಎವಿ, ಅಂದರೆ ನಿವ್ವಳ ಆಸ್ತಿ ಮೌಲ್ಯವನ್ನು ಬಹಳಷ್ಟು ನಿಧಿಗಳಿಗೆ ಪ್ರತಿದಿನವೂ ನಿಗದಿತ ಸಮಯದೊಳಗೆ ಲೆಕ್ಕ ಹಾಕಿ ಹೊರಡಿಸಬೇಕು. ಅದಕ್ಕೂ ಮೊದಲು ನಿಧಿಯ ಪುಸ್ತಕದಲ್ಲಿರುವ ನಗದು, ನಿಧಿಯ ಹಣ, ಆಸ್ತಿಗಳನ್ನು ಕಾಪಾಡುವ ಕಸ್ಟೋಡಿಯನ್ ಬ್ಯಾಂಕ್ ತೋರಿಸುವ ನಗದಿನೊಂದಿಗೆ ಹೊಂದಬೇಕು.

ಸಂದರ್ಶನಕ್ಕೆ ಕುಳಿತಿದ್ದ ಹಿರಿಯ ಮಹಿಳೆ ಒಂದು ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಎರಡು ಕಡೆಯ ಮೊತ್ತಕ್ಕೂ ನಡುವೆ 540 ಯೂರೋ ವ್ಯತ್ಯಾಸ. ‘ಗಡುವಿಗೆ ಒಂದು ಗಂಟೆ ಇದೆ. ಎಲ್ಲಿಂದ ಆರಂಭಿಸುತ್ತೀರಿ?’

ನನಗೆ ಸಂಘದ ಕಚೇರಿ ಕಣ್ಣಿಗೆ ಕಟ್ಟಿತು. ಮಾರ್ಚ್ 31ರ ರಾತ್ರಿ, ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕ, ಮೂಲೆಯಲ್ಲಿ ಚಾಲಿ ಅಡಿಕೆಯ ಮಾದರಿ ಚೀಲ, ಅದರ ಒಗರು ವಾಸನೆ. ಪುಸ್ತಕದ ಶಿಲ್ಕಿಗಿಂತ, ಅಂದರೆ ಉಳಿದಿರಬೇಕಾದ ನಗದಿಗಿಂತ, ಪೆಟ್ಟಿಗೆಯಲ್ಲಿ 63 ರೂಪಾಯಿ ಕಡಿಮೆ. ರಾತ್ರಿ ಹತ್ತೂವರೆಯಾಗಿತ್ತು. ನಾನು ನನ್ನ ಪರ್ಸ್ ತೆಗೆದೆ. ಅಪ್ಪ ನನ್ನ ಕೈ ಹಿಡಿದು ತಡೆದರು. ‘ಕೈಯಿಂದ ಹಾಕಿದರೆ ಶಿಲ್ಕು ಸರಿಹೋಗುತ್ತದೆ, ತಪ್ಪು ಅಲ್ಲೇ ಉಳಿಯುತ್ತದೆ. ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. 63 ಒಂಬತ್ತರಿಂದ ಭಾಗವಾಗುತ್ತದೆಯೋ ಇಲ್ಲವೋ? ಹಾಗಾದರೆ ಅಂಕಿ ಅದಲುಬದಲಾಗಿದೆಯೇ ಎಂದು ಮೊದಲು ನೋಡು.’ ಒಂದೊಂದೇ ರಸೀದಿ ತಿರುವಿದೆವು. ಗೊಬ್ಬರ ಮಾರಿದ 518 ರೂಪಾಯಿ ಕಿರ್ದಿಯಲ್ಲಿ 581 ಎಂದು ಜಮಾ ಆಗಿತ್ತು. ಬರೆದವಳು ನಾನೇ. ಅಪ್ಪ ತಪ್ಪಿನ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಸಹಿ ಹಾಕಿದರು. ಅಳಿಸಲಿಲ್ಲ.

540 ಕೂಡ ಒಂಬತ್ತರಿಂದ ಭಾಗವಾಗುತ್ತದೆ. ಹಾಗಾಗಿ ಅದಲುಬದಲಾದ ಅಂಕಿಯನ್ನು ಮೊದಲು ಹುಡುಕುತ್ತೇನೆ, ಅದು ಸಿಗದಿದ್ದರೆ 540ರ ಅರ್ಧ, ಅಂದರೆ 270ರ ನಮೂದು ತಪ್ಪು ಬದಿಗೆ ಹೋಗಿದೆಯೇ ಎಂದು ನೋಡುತ್ತೇನೆ, ಆದರೆ ಕಾರಣ ತಿಳಿಯುವವರೆಗೆ ಹೊಂದಾಣಿಕೆಯ ನಮೂದು ಹಾಕುವುದಿಲ್ಲ ಎಂದೆ. ಹಾಳೆಯಲ್ಲಿ 1,064ರ ಬದಲು 1,604 ಎಂದಿತ್ತು. ಎರಡು ನಿಮಿಷದಲ್ಲಿ ಸಿಕ್ಕಿತು. ‘ಇದನ್ನು ಎಲ್ಲಿ ಕಲಿತಿರಿ?’ ಎಂದು ಅವರು ಕೇಳಿದರು. ಅಪ್ಪನ ಬಗ್ಗೆ ಹೇಳುವಾಗ ನನ್ನ ಗಂಟಲು ಕಟ್ಟಿತು. ಆ ಸಾಲನ್ನು ಐದು ತಿಂಗಳು ಬಚ್ಚಿಟ್ಟಿದ್ದೆನಲ್ಲ.

ಮಾರ್ಚ್ 2023ರಲ್ಲಿ ಫಂಡ್ ಅಕೌಂಟೆಂಟ್ ಆಗಿ ಸೇರಿದೆ, ವರ್ಷಕ್ಕೆ 28,000 ಯೂರೋ. ಇಲ್ಲಿಗೆ ದಾರಿ ಮುಗಿಯಿತೆಂದು ಬಹಳ ಜನ ಅಂದುಕೊಳ್ಳುತ್ತಾರೆ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. 1ಜಿ ಮುಗಿಯುವಷ್ಟರಲ್ಲಿ ಉದ್ಯೋಗ ಪರವಾನಗಿ ಬೇಕು, ಅದಕ್ಕೆ ಕನಿಷ್ಠ ವೇತನದ ಮಿತಿ ಇದೆ. ಕೊರತೆಯಿರುವ ಕೌಶಲಗಳ ಹುದ್ದೆಗಳಿಗೆ ಕೊಡುವ ಕ್ರಿಟಿಕಲ್ ಸ್ಕಿಲ್ಸ್ ಪರವಾನಗಿಯಾದರೆ ಹುದ್ದೆಯನ್ನು ಮೊದಲು ಸ್ಥಳೀಯರಿಗಾಗಿ ಜಾಹೀರಾತು ಮಾಡಬೇಕಿಲ್ಲ, ಆದರೆ ನನ್ನಂಥ ಸಂಬಳದವರಿಗೆ ಆ ಹುದ್ದೆ ಸರ್ಕಾರದ ಪಟ್ಟಿಯಲ್ಲಿರಬೇಕು. ಅದರ ಮಿತಿ 32,000 ಯೂರೋ ಎಂದು ಲೆಕ್ಕ ಹಾಕಿಕೊಂಡಿದ್ದೆ. 2024ರ ಜನವರಿಯಲ್ಲಿ ಅದು 38,000ಕ್ಕೆ ಏರಿತು. ನನ್ನ ಹುದ್ದೆಯಲ್ಲಿ ಅಷ್ಟು ಸಂಬಳ ಬರುವಂತಿರಲಿಲ್ಲ. ತರಗತಿಯಲ್ಲಿ ಕಲಿತ ಆರ್ ನಿಜವಾಗಿ ಕೈಹಿಡಿದದ್ದು ಆಗಲೇ. ರಾತ್ರಿಗಳಲ್ಲಿ ಕುಳಿತು, ತಾಳೆಯಾಗದ ನಮೂದುಗಳನ್ನು ಕಾರಣಗಳ ಪ್ರಕಾರ ವಿಂಗಡಿಸುವ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಅದನ್ನು ನೋಡಿದ ರಿಸ್ಕ್ ವಿಶ್ಲೇಷಣೆಯ ತಂಡ ಬೇಸಿಗೆಯಲ್ಲಿ ನನ್ನನ್ನು ಕರೆದುಕೊಂಡಿತು. ಸಂಬಳ 41,000. ಪರವಾನಗಿ ಬಂದದ್ದು ನವೆಂಬರ್ 2024ರಲ್ಲಿ, 1ಜಿ ಮುಗಿಯಲು ಮೂರು ವಾರ ಉಳಿದಿರುವಾಗ.

ಈಗ ಇಲ್ಲಿಗೆ ಬರುವ ನಮ್ಮವರು ಯಾವ ವಿಶ್ವವಿದ್ಯಾಲಯ ಒಳ್ಳೆಯದೆಂದು ಕೇಳುತ್ತಾರೆ. ನಾನು ಅವರ ರೆಸ್ಯೂಮೆ ಕಳುಹಿಸಲು ಹೇಳುತ್ತೇನೆ, ಮತ್ತು ಅದರಿಂದ ಏನನ್ನು ತೆಗೆದಿದ್ದೀರಿ ಎಂದು ಕೇಳುತ್ತೇನೆ. ಕಳೆದ ವಾರ ಸಾಗರದ ಹುಡುಗನೊಬ್ಬ ಬಹಳ ಹಿಂಜರಿದು ಹೇಳಿದ: ಎರಡು ವರ್ಷ ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ರೈತರಿಗೆ ಬಟವಾಡೆ ಲೆಕ್ಕ ಮಾಡುತ್ತಿದ್ದನಂತೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕರೆ ಮಾಡುತ್ತಾನೆ. ಆ ಸಾಲನ್ನು ಎಲ್ಲಿ, ಹೇಗೆ ಬರೆಯಬೇಕೆಂದು ಇಬ್ಬರೂ ಕುಳಿತು ನೋಡುತ್ತೇವೆ.