2,75,922 ರೂಪಾಯಿಗೆ ಎರಡಂತಸ್ತಿನ ಮನೆ

ಪ್ಲ್ಯಾನ್ ಪಾಸ್ ಮಾಡಿಸಿಕೊಡುವ ಆಫೀಸು ನಮ್ಮದು. ಸಾರ್ ಡ್ರಾಯಿಂಗ್ ಮಾಡಿ ಸಹಿ ಹಾಕುತ್ತಾರೆ, ಉಳಿದದ್ದೆಲ್ಲ ನನ್ನ ತಲೆಗೆ. ನಮೂನೆ-3 (ಆಸ್ತಿಯ ಖಾತೆ ಪತ್ರ), ಇಸಿ (ಋಣಭಾರ ಪತ್ರ), ತೆರಿಗೆ ರಶೀದಿ ಸ್ಕ್ಯಾನ್ ಮಾಡಿ ಪೋರ್ಟಲ್‌ಗೆ ಏರಿಸಬೇಕು, ಚಲನ್ ಕಟ್ಟಬೇಕು, ಫೈಲು ಇವತ್ತು ಯಾರ ಲಾಗಿನ್‌ನಲ್ಲಿ ಕೂತಿದೆ ಅಂತ ನೋಡಿ ಪಾರ್ಟಿಗೆ ಹೇಳಬೇಕು. ಒಂಬತ್ತು ವರ್ಷದಿಂದ ಇದೇ ಕೆಲಸ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಓದಿದರೆ ಹೊಸ ಹುಡುಗ ಮಾಡಿದ ತಪ್ಪು ಅನ್ನಿಸುತ್ತದೆ.

2024ರ ಜೂನ್ ಕೊನೆಯ ವಾರ. ಪಾರ್ಟಿ ಒಬ್ಬರು ರಿಟೈರ್ಡ್ ಮೇಡಂ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು, ಈ ವಿಷಯ ಆಮೇಲೆ ಬೇಕಾಗುತ್ತದೆ. 30-40 ಸೈಟು, ಕೆಳಗೊಂದು ಮೇಲೊಂದು ಮನೆ. ಜುಲೈ 6ಕ್ಕೆ ಆಷಾಢ ಶುರು, ಅಷ್ಟರೊಳಗೆ ಗುದ್ದಲಿ ಪೂಜೆ ಆಗಬೇಕು, ಇಲ್ಲದಿದ್ದರೆ ಶ್ರಾವಣದವರೆಗೆ ಕೂರಬೇಕು. ಲೈಸೆನ್ಸ್ ಕೈಗೆ ಬರದೆ ಬ್ಯಾಂಕಿನವರು ಲೋನ್ ಫೈಲು ಮುಟ್ಟುವುದಿಲ್ಲ. ಜೆಸಿಬಿಯವನಿಗೆ ಅಡ್ವಾನ್ಸ್ ಕೊಟ್ಟಾಗಿತ್ತು.

ಜೆಇ, ಅಂದರೆ ಜೂನಿಯರ್ ಇಂಜಿನಿಯರ್, ಬಂದು ಸೈಟ್ ನೋಡಿಕೊಂಡು ಹೋಗಿದ್ದರು. ಲೈಸೆನ್ಸ್ ಫೀ, ನೆಲಬಾಡಿಗೆ ಎಲ್ಲ ಕಟ್ಟಿಯಾಗಿತ್ತು. ಬಾಕಿ ಇದ್ದದ್ದು ಲೇಬರ್ ಸೆಸ್ ಒಂದೇ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ಕಟ್ಟುವುದು, ಕಟ್ಟಡದ ವೆಚ್ಚದಲ್ಲಿ ಶೇಕಡಾ 1. ಸ್ವಂತ ವಾಸದ ಮನೆ, ವೆಚ್ಚ 10 ಲಕ್ಷದ ಒಳಗೆ ಅಂದರೆ ಆಗ ಅದೂ ಇರಲಿಲ್ಲ. 1996ರ ಕಾಯ್ದೆಯ ಮಿತಿ ಅದು. ಆ ಕಾಲದಲ್ಲಿ 10 ಲಕ್ಷಕ್ಕೆ ಒಳ್ಳೇ ಮನೆಯೇ ಬರುತ್ತಿತ್ತೇನೋ. 2024ರಲ್ಲಿ ಕಾಂಪೌಂಡು, ಸಂಪು, ಗೇಟು ಮುಗಿಸುವಷ್ಟರಲ್ಲೇ ಅದರಲ್ಲಿ ಅರ್ಧ ಹೋಗುತ್ತಿತ್ತು.

ಸೆಸ್ ಲೆಕ್ಕಕ್ಕೆ ನಮ್ಮ ಆಫೀಸಿನಲ್ಲಿ ಒಂದು ಎಕ್ಸೆಲ್ ಶೀಟ್ ಇದೆ. ಸಾರ್ ಯಾವ ಕಾಲದಲ್ಲೋ ಮಾಡಿದ್ದು. ಏರಿಯಾ ಅಂತ ಒಂದು ಖಾನೆ, ರೇಟು 1,800, ಗುಣಿಸಿದರೆ ವೆಚ್ಚ. ಏರಿಯಾ ಯಾವ ಅಳತೆಯಲ್ಲಿ ಅಂತ ಬರೆದಿಲ್ಲ. ನಮ್ಮ ಲೈನಿನಲ್ಲಿ ಮೇಸ್ತ್ರಿ ಮಾತಾಡುವುದು ಚದರದಲ್ಲಿ, ಪಾರ್ಟಿ ಮಾತಾಡುವುದು ಅಡಿಯಲ್ಲಿ, ಪೋರ್ಟಲ್ ಕೇಳುವುದು ಮೀಟರಿನಲ್ಲಿ. ಮೇಡಂ ಮನೆ ಮೇಸ್ತ್ರಿಗೆ ಹದಿನಾರೂವರೆ ಚದರ, ಮೇಡಂಗೆ 1,650 ಚದರಡಿ, ಡ್ರಾಯಿಂಗಿನ ಮೂಲೆಯ ಟೇಬಲ್‌ನಲ್ಲಿ 153.29 ಚದರ ಮೀಟರ್. ನಾನು ಆ ಟೇಬಲ್ ನೋಡಿಕೊಂಡು 153.29 ಅಂತ ಹಾಕಿದೆ. ಶೀಟ್ ಅಡಿ ಅಂದುಕೊಂಡು ಗುಣಿಸಿತು. ವೆಚ್ಚ 2,75,922 ರೂಪಾಯಿ. ಸೆಸ್ ಸೊನ್ನೆ.

ನನಗೆ ಎಷ್ಟು ಖುಷಿಯಾಯಿತು ಅಂದರೆ, ಆಗಲೇ ಮೇಡಂಗೆ ಫೋನ್ ಮಾಡಿ "ನಿಮಗೆ ಸೆಸ್ ಬರಲ್ಲ ಮೇಡಂ, ವಿನಾಯಿತಿ" ಅಂದುಬಿಟ್ಟೆ. ಅಫಿಡವಿಟ್ ಟೈಪ್ ಮಾಡಿಸಿ, ಅದರಲ್ಲಿ ಆ ಮೊತ್ತವನ್ನೇ ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ನೋಟರಿ ಹತ್ತಿರ ಕರೆದುಕೊಂಡು ಹೋದೆ. ಮೇಡಂ ಸಹಿ ಹಾಕುವ ಮುಂಚೆ ಪೆನ್ನು ಹಿಡಿದು ನಿಂತರು.

"ಏನಪ್ಪಾ ಇದು, ಎರಡು ಮುಕ್ಕಾಲು ಲಕ್ಷಕ್ಕೆ ಎರಡಂತಸ್ತಿನ ಮನೆ ಬರುತ್ತಾ?"

"ಅದು ಸರ್ಕಾರಿ ಲೆಕ್ಕ ಮೇಡಂ, ನಿಜವಾದ ಖರ್ಚಲ್ಲ. ಸುಮ್ನೆ ಸಹಿ ಹಾಕಿ."

ಈ ಮಾತು ಇವತ್ತಿಗೂ ಚುಚ್ಚುತ್ತದೆ. ಖಾನೆಯಲ್ಲಿ ತಪ್ಪು ನಂಬರ್ ಬಿದ್ದದ್ದು ಕೈತಪ್ಪು, ಹೋಗಲಿ. ಆದರೆ ಒಬ್ಬರು ಬೆರಳಿಟ್ಟು ತೋರಿಸಿದರೂ ನನಗೆ ಕಾಣಲಿಲ್ಲ. ಕಾಗದದ ಮೇಲಿನ ಲೆಕ್ಕಕ್ಕೂ ನೆಲದ ಮೇಲಿನ ಲೆಕ್ಕಕ್ಕೂ ಸಂಬಂಧವೇ ಇರುವುದಿಲ್ಲ ಅಂತ ಒಂಬತ್ತು ವರ್ಷದಲ್ಲಿ ನನಗೆ ಅಷ್ಟು ಅಭ್ಯಾಸ ಆಗಿಹೋಗಿತ್ತು. ಮಾರನೇ ದಿನ 27 ಸಾವಿರಕ್ಕೆ ಮನೆ ಅಂತ ಬಂದಿದ್ದರೂ ಅಪ್‌ಲೋಡ್ ಮಾಡುತ್ತಿದ್ದೆನೇನೋ.

ಎರಡು ದಿನ ಬಿಟ್ಟು ಮಧ್ಯಾಹ್ನ ಜೆಇ ಫೋನ್ ಮಾಡಿದರು. "ಬನ್ರೀ ಇಲ್ಲಿ, ಪಾರ್ಟಿನೂ ಕರ್ಕೊಂಡ್ ಬನ್ನಿ." ದನಿ ಕೇಳಿಯೇ ಹೊಟ್ಟೆಯಲ್ಲಿ ಏನೋ ಆಯಿತು. ಹೋದಾಗ ಸೆಕ್ಷನ್ನಿನಲ್ಲಿ ನಾಲ್ಕೈದು ಜನ ಇದ್ದರು. ಜೆಇ ಮಾನಿಟರನ್ನು ನಮ್ಮ ಕಡೆ ತಿರುಗಿಸಿ, ಒಂದು ಕಡೆ ಪ್ಲ್ಯಾನು, ಇನ್ನೊಂದು ಕಡೆ ಅಫಿಡವಿಟ್ಟು ಇಟ್ಟರು.

"ಇದು ಮನೇನಾ, ನಾಯಿಗೂಡಾ?"

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾನು ಬಾಯಿ ತೆಗೆದು ಏನೋ ಹೇಳಹೊರಟೆ, ಅಷ್ಟರಲ್ಲಿ ಮೇಡಂ ಕನ್ನಡಕ ಹಾಕಿಕೊಂಡು ಸ್ಕ್ರೀನಿಗೆ ಬಗ್ಗಿದರು. ಹತ್ತು ಸೆಕೆಂಡ್ ಇರಬಹುದು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. "ಒಂದು ಚದರ ಮೀಟರ್ ಅಂದರೆ 10.764 ಚದರಡಿ. 153.29 ಅನ್ನು ಅದರಿಂದ ಗುಣಿಸಬೇಕಿತ್ತು" ಅಂದರು ಮೆಲ್ಲಗೆ, ತರಗತಿಯಲ್ಲಿ ಹೇಳುವ ಹಾಗೆ. ನನ್ನ ಕಡೆ ನೋಡಲೂ ಇಲ್ಲ. ಬೈದಿದ್ದರೆ ವಾಸಿಯಿತ್ತು.

ಜೆಇ ಒಳ್ಳೆಯವರು. "ನಾನು ಮುಂದಕ್ಕೆ ಕಳಿಸಿದ್ದರೆ ಆಡಿಟ್‌ನಲ್ಲಿ ನನ್ನ ಕುತ್ತಿಗೆಗೆ ಬರ್ತಿತ್ತು. ರಿವರ್ಟ್ ಮಾಡ್ತೀನಿ, ಇವತ್ತೇ ಸೆಸ್ ಕಟ್ಟಿ ಏರಿಸಿ. ನಾಳೆಯಿಂದ ಟ್ರೈನಿಂಗ್, ನಾನು ಇರಲ್ಲ" ಅಂದರು. ಆಗ ಗಂಟೆ ನಾಲ್ಕು ಕಾಲು.

ಸರಿಯಾದ ವೆಚ್ಚ 29,70,000, ಸೆಸ್ 29,700. ಎದುರಿನ ಸೈಬರ್‌ನಲ್ಲಿ ಕೂತೆವು. ಮೇಡಂ ಅಕೌಂಟು, ಮೇಡಂ ಫೋನಿಗೆ ಓಟಿಪಿ. ಮೊದಲನೇ ಓಟಿಪಿ ಬರುವಷ್ಟರಲ್ಲಿ ಪೇಜ್ ಟೈಮ್‌ಔಟ್. ಎರಡನೆಯದು ಹೋಯಿತು. ದುಡ್ಡು ಕಟ್ ಆದ ಮೆಸೇಜು ಟಿಣ್ ಅಂತ ಬಂತು. ಸ್ಕ್ರೀನ್ ಮಾತ್ರ ಬೆಳ್ಳಗೆ ಕೂತಿದೆ, ಮಧ್ಯದಲ್ಲಿ ಒಂದು ಚಕ್ರ ಸುತ್ತುತ್ತಿದೆ, ಕೆಳಗೆ ರಿಫ್ರೆಶ್ ಒತ್ತಬೇಡಿ ಅನ್ನುವ ಸಾಲು. ಹಿಂದಿನ ವರ್ಷ ಬೇರೆ ಪಾರ್ಟಿಯದ್ದು ಹೀಗೇ ಆದಾಗ ಆತುರಕ್ಕೆ ಮತ್ತೆ ಕಟ್ಟಿದ್ದೆ, ಎರಡು ಸಲ ದುಡ್ಡು ಹೋಗಿ ವಾಪಸ್ ಬರಲು ಏಳು ತಿಂಗಳು ಹಿಡಿದಿತ್ತು. ಅದಕ್ಕೇ ಬಲಗೈಯನ್ನು ತೊಡೆ ಕೆಳಗೆ ಇಟ್ಟುಕೊಂಡು ಕೂತೆ. ನಿಜವಾಗಿಯೂ. ಸೈಬರ್ ಹುಡುಗ "ಇನ್ನೊಂದ್ಸಲ ಹೊಡೀರಿ ಅಣ್ಣ, ಏನಾಗಲ್ಲ" ಅನ್ನುತ್ತಲೇ ಇದ್ದ. ಇಂಥ ಹುಡುಗರ ಮಾತು ಕೇಳಿಯೇ ಅರ್ಧ ಊರಿನ ರಿಫಂಡ್ ಬಾಕಿ ಇರುವುದು.

ಹನ್ನೊಂದು ನಿಮಿಷಕ್ಕೆ ರಶೀದಿ ಬಂತು. ಆ ಹನ್ನೊಂದು ನಿಮಿಷ ಮೇಡಂ ಸುಮ್ಮನೆ ಕೂತಿರಲಿಲ್ಲ. ಹೊಸ ಅಫಿಡವಿಟ್‌ನ ಕರಡು ಇಸಿದುಕೊಂಡು, ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು, ಒಂದೊಂದೇ ಸಾಲಿಗೆ ಟಿಕ್ ಹಾಕುತ್ತಿದ್ದರು. ಸೈಟಿನ ಪೂರ್ವದ ಅಳತೆಯಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದಿದ್ದನ್ನೂ ಹಿಡಿದರು. ಐದೂವರೆಗೆ ಫೈಲು ಮತ್ತೆ ಜೆಇ ಲಾಗಿನ್‌ಗೆ ಹೋಯಿತು. ಪೂಜೆ ಆಷಾಢದ ಮುಂಚೆಯೇ ಆಯಿತು. ನನ್ನನ್ನೂ ಕರೆದಿದ್ದರು, ಹೋಗಲು ಮುಖ ಇರಲಿಲ್ಲ.

ಆಫೀಸಿಗೆ ಬಂದು ಶೀಟಿನಲ್ಲಿ ಏರಿಯಾ ಪಕ್ಕ ಚದರಡಿ ಅಂತ ಬರೆದು ಹಳದಿ ಬಣ್ಣ ಹಾಕಿದೆ. 10 ಲಕ್ಷಕ್ಕಿಂತ ಕಡಿಮೆ ಬಂದರೆ ಇಡೀ ಸಾಲು ಕೆಂಪಾಗುವ ಹಾಗೂ ಮಾಡಿದೆ. ಸಾರ್ ಒಂದು ವಾರ ನೋಡಿ, ಪ್ರಿಂಟ್ ಎ4ನಲ್ಲಿ ಕೂರುತ್ತಿಲ್ಲ ಅಂತ ಎಲ್ಲ ಅಳಿಸಿದರು. ಈಗ ಅದರ ಒಂದು ಕಾಪಿ ನನ್ನ ಪೆನ್‌ಡ್ರೈವ್‌ನಲ್ಲಿ ಬೇರೆ ಇದೆ. ಅಫಿಡವಿಟ್ ಮೊತ್ತವನ್ನು ಪಾರ್ಟಿಗೆ ಜೋರಾಗಿ ಓದಿ ಹೇಳುತ್ತೇನೆ. ಯಾರಾದರೂ ಹುಬ್ಬು ಏರಿಸಿದರೆ ನಿಲ್ಲಿಸುತ್ತೇನೆ.

2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವಲ್ವಾ, ಅದರಲ್ಲಿ ಸ್ವಂತ ವಾಸದ ಮನೆಯ ಮಿತಿ 50 ಲಕ್ಷ. ಪೇಪರಿನಲ್ಲಿ ನೋಡಿ ಮೇಡಂ ಫೋನ್ ಮಾಡಿದರು. "ನನ್ನದು ಮೂವತ್ತರ ಒಳಗೇ ಇತ್ತು. ಈಗ ಕಟ್ಟಿದ್ದರೆ ಸೆಸ್ ಸೊನ್ನೆ, ಅಲ್ವೇನಪ್ಪಾ?"

"ಹೌದು ಮೇಡಂ."

"ಹಾಗಾದ್ರೆ ನಿನ್ನ ಉತ್ತರ ಸರಿ ಇತ್ತು. ಲೆಕ್ಕ ಮಾಡಿದ ಕ್ರಮ ತಪ್ಪು" ಅಂದು ಇಟ್ಟರು.